ಮುರಿಯದ ಪಿಕಾಸಿ, ಮುಚ್ಚಿದ ಅಂಗಡಿ

ಬಸ್ಸಲ್ಲಿ ಕಂಬಿ ಹಿಡ್ಕೊಂಡು ನಿಂತಿರೋರಿಗೂ, ಲೈಟ್ ಆರಿಸಿ ಒಂದೇ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಮಲಗಿರೋರಿಗೂ ಸ್ವಾಗತ. ಇವತ್ತಿನದು ಗೇಮ್ ವಿಷಯ. ಗೇಮ್ ಆಡದೇ ಇರೋರು ದಯವಿಟ್ಟು ಸ್ಕಿಪ್ ಮಾಡಬೇಡಿ. ಇದರಲ್ಲಿ ಅರ್ಧ ಗೇಮ್ ಕಥೆ, ಇನ್ನರ್ಧ ನಾನು ನನ್ನ ಗೆಳೆಯನ ಅಂಗಡಿ ಮುಚ್ಚಿಸಿದ ಕಥೆ. ಬೇಕಂತ ಮುಚ್ಚಿಸಿದ್ದಲ್ಲ. ಎಲ್ಲರಿಗೂ ಉಪಕಾರ ಮಾಡ್ತಿದ್ದೀನಿ ಅಂದ್ಕೊಂಡೇ ಮಾಡಿದ್ದು.

2020ರ ಏಪ್ರಿಲ್. ಲಾಕ್‌ಡೌನ್. ಡಿಗ್ರಿ ಕಾಲದ ನಾವು 9 ಜನ ಬೇರೆ ಬೇರೆ ಊರಲ್ಲಿ ಸಿಕ್ಕಿಹಾಕಿಕೊಂಡಿದ್ವಿ. ಒಬ್ಬ ತನ್ನ ಲ್ಯಾಪ್‌ಟಾಪ್‌ನಲ್ಲಿ ಮೈನ್‌ಕ್ರಾಫ್ಟ್ ಸರ್ವರ್ ಹಾಕಿ, ಹಗಲೂ ರಾತ್ರಿ ಆನ್ ಇಟ್ಟ. ಮೈನ್‌ಕ್ರಾಫ್ಟ್ ಗೊತ್ತಿಲ್ಲದವರಿಗೆ ಒಂದೇ ಮಾತಲ್ಲಿ ಹೇಳ್ತೀನಿ: ನೆಲ ಅಗೀಬೇಕು, ಸಿಕ್ಕಿದ್ದರಲ್ಲಿ ಸಾಮಾನು ಮಾಡ್ಕೋಬೇಕು, ಆ ಸಾಮಾನು ಹಿಡಿದು ಮತ್ತೆ ಅಗೀಬೇಕು. ಅಷ್ಟೇ. ಮೂರು ತಿಂಗಳು ಅದೇ ನಮ್ಮ ಜೀವನ.

ನಮ್ಮಲ್ಲೊಬ್ಬ ತಿಪಟೂರು ಹತ್ತಿರದ ಹಳ್ಳಿಯವನು. ಮನೆ ಒಳಗೆ ನೆಟ್‌ವರ್ಕ್ ಸಿಗ್ತಿರಲಿಲ್ಲ, ತಾರಸಿ ಮೇಲೆ ಹೋಗಿ ಕೂರ್ತಿದ್ದ. ಅಲ್ಲೂ ಪಿಂಗ್ 400. ನಾವೆಲ್ಲ ಸೇರಿ ಫೈಟಿಗೆ ಹೋದ್ರೆ ಇವನಿಗೆ ಜಾಂಬಿ ಕಾಣೋ ಮೊದಲೇ ಜಾಂಬಿ ಇವನನ್ನ ಕೊಂದಿರ್ತಿತ್ತು. ನಾಲ್ಕು ಸಲ ಹೀಗಾದ ಮೇಲೆ 'ನೀವು ಹೋಗ್ರಪ್ಪಾ' ಅಂತ ಒಬ್ಬನೇ ನೆಲದಡಿ ಇಳಿದುಬಿಟ್ಟ. ಅಗೆಯೋಕೆ ಪಿಂಗ್ ಬೇಕಾಗಿಲ್ಲ. ವಜ್ರ ಅಗೆದ, ಪಿಕಾಸಿ ಮಾಡಿದ, ಊರ ಮಧ್ಯ ಒಂದು ಪೆಟ್ಟಿಗೆ ಇಟ್ಟು ಬೋರ್ಡ್ ಹಾಕಿದ: ಡೈಮಂಡ್ ಪಿಕಾಸಿ, 6 ವಜ್ರ.

ಒಂದು ಪಿಕಾಸಿಗೆ 3 ವಜ್ರ, 2 ಕಡ್ಡಿ ಬೇಕು. ಅಂದ್ರೆ 3 ವಜ್ರ ಲಾಭ. ದುಬಾರಿ ಅನ್ನಿಸಬಹುದು. ಆದ್ರೆ ಅವನು ಬೇಗ ಅಗೆಯೋ ಹಾಗೆ, ಹೆಚ್ಚು ದಿನ ಬಾಳೋ ಹಾಗೆ ಮಂತ್ರ ಹಾಕಿ ಕೊಡ್ತಿದ್ದ. ಅದಕ್ಕೆ ಬೇಕಾದ ಲೆವೆಲ್ ಕೂಡಿಸೋಕೆ ನಮಗ್ಯಾರಿಗೂ ತಾಳ್ಮೆ ಇರಲಿಲ್ಲ. ಎಲ್ಲರೂ ಅವನ ಹತ್ರಾನೇ ತಗೊಳ್ತಿದ್ವಿ. ಸರ್ವರ್‌ನಲ್ಲಿ ಅವನ ನಿಜವಾದ ಹೆಸರು ಯಾರೂ ಕರೀತಿರಲಿಲ್ಲ, 'ಕಮ್ಮಾರ' ಅಂತಿದ್ವಿ. ರಾತ್ರಿ 11ಕ್ಕೆ ಯಾರದೋ ಪಿಕಾಸಿ ಮುರಿದು ಚಾಟಲ್ಲಿ 'ಕಮ್ಮಾರಾ ಎಲ್ಲಿದೀಯೋ' ಅಂತ ಬಂದ್ರೆ ಎರಡೇ ನಿಮಿಷದಲ್ಲಿ ಉತ್ತರ.

ಇಲ್ಲಿ ನಾನು ಓದಿದ ಬಿ.ಕಾಂ. ಸ್ವಲ್ಪ ತೆಗೀತೀನಿ, ಸಹಿಸ್ಕೊಳ್ಳಿ. ಅಕೌಂಟೆನ್ಸಿಯಲ್ಲಿ ಸವಕಳಿ, ಅಂದ್ರೆ ಡಿಪ್ರಿಸಿಯೇಷನ್ ಅಂತ ಒಂದು ಪಾಠ ಇದೆ. ಒಂದು ಮೆಷಿನ್ ವರ್ಷ ವರ್ಷ ಎಷ್ಟು ಸವೀತು ಅಂತ ಲೆಕ್ಕ ಹಾಕೋದು. ಸ್ಟ್ರೈಟ್ ಲೈನ್ ವಿಧಾನ, ರಿಟನ್ ಡೌನ್ ವ್ಯಾಲ್ಯೂ ವಿಧಾನ ಎರಡೂ ಬಾಯಿಪಾಠ. ಮೂರನೇದೂ ಒಂದಿದೆ, ಎಷ್ಟು ಬಳಸ್ತೀವೋ ಅಷ್ಟು ಸವಕಳಿ ಅನ್ನೋದು. ಪರೀಕ್ಷೆಗೆ ಬರಲ್ಲ ಅಂತ ಅದನ್ನ ಬಿಟ್ಟಿದ್ದೆ. ಮೈನ್‌ಕ್ರಾಫ್ಟ್ ಪೂರ್ತಿ ಅದರ ಮೇಲೇ ನಿಂತಿದೆ. ಮರದ ಪಿಕಾಸಿ 59 ಸಲ ಹೊಡೆದ್ರೆ ಮುಗೀತು. ಕಲ್ಲಿನದು 131. ಕಬ್ಬಿಣದ್ದು 250. ವಜ್ರದ್ದು 1561. ನಮ್ಮ ಕಮ್ಮಾರ ಹಾಕ್ತಿದ್ದ ಅನ್‌ಬ್ರೇಕಿಂಗ್ 3ನೇ ಲೆವೆಲ್ ಇದ್ರೆ ಸರಾಸರಿ ಅದರ ನಾಲ್ಕು ಪಟ್ಟು, ಅಂದ್ರೆ 6200 ಚಿಲ್ಲರೆ. ಕೆಲಸ ಇಲ್ಲದೆ ಮನೇಲಿ ಕೂತಿರೋ ಹುಡುಗ್ರಿಗೆ ಅದು ಒಂದೆರಡು ವಾರದ ಬಾಬತ್ತು. ರಿಪೇರಿ ಮಾಡಿಸಬಹುದು, ಆದ್ರೆ ಸಲ ಸಲಕ್ಕೂ ಖರ್ಚು ಏರಿ, ಕೊನೆಗೆ 'ಟೂ ಎಕ್ಸ್‌ಪೆನ್ಸಿವ್' ಅಂತ ಗೇಮೇ ಕೈ ಎತ್ತಿಬಿಡುತ್ತೆ. ಹೊಸದು ತಗೋಳ್ಳೇಬೇಕು.

ಪುಸ್ತಕದಲ್ಲಿ ಸವಕಳಿ ಯಾವಾಗಲೂ ಖರ್ಚಿನ ಕಡೆ ಬರುತ್ತೆ, ನಷ್ಟದ ಥರ ಕಾಣುತ್ತೆ. ನನ್ನ ಪಿಕಾಸಿಯ ಸವಕಳಿ ಇನ್ನೊಬ್ಬನ ಲೆಡ್ಜರ್‌ನಲ್ಲಿ ಆದಾಯ ಅನ್ನೋದು ಮೂರು ವರ್ಷ ಓದಿದ್ರೂ ನನಗೆ ಹೊಳೆದಿರಲಿಲ್ಲ.

ಜೂನ್ ಹೊತ್ತಿಗೆ ನಾನು ಯೂಟ್ಯೂಬ್‌ನಲ್ಲಿ ಮೆಂಡಿಂಗ್ ಬಗ್ಗೆ ನೋಡಿದೆ. ಅದು 2016ರಲ್ಲಿ ಗೇಮಿಗೆ ಬಂದ ಮಂತ್ರ. ಪಿಕಾಸಿಗೆ ಅದು ಇದ್ರೆ, ನಾವು ಗಳಿಸೋ ಪ್ರತಿ ಅನುಭವದ ಪಾಯಿಂಟಿಗೆ 2 ಪೆಟ್ಟಿನಷ್ಟು ಸವಕಳಿ ತಾನಾಗೇ ವಾಸಿ ಆಗುತ್ತೆ. ಸ್ವಲ್ಪ ಹುಷಾರಾಗಿ ಆಡಿದ್ರೆ ಪಿಕಾಸಿ ಯಾವತ್ತೂ ಮುರಿಯಲ್ಲ. ನಿಧಿ ಪೆಟ್ಟಿಗೆಯಲ್ಲಿ, ಮೀನು ಹಿಡಿಯುವಾಗ ಅಪರೂಪಕ್ಕೆ ಸಿಗೋ ಪುಸ್ತಕ ಅದು. ಆದ್ರೆ ಅಡ್ಡದಾರಿ ಇದೆ. ಹಳ್ಳಿಯಲ್ಲಿ ಒಬ್ಬ ಲೈಬ್ರೇರಿಯನ್ ಇರ್ತಾನೆ. ಅವನ ಮುಂದಿನ ಓದೋ ಪೀಠ ಒಡೆದು ಮತ್ತೆ ಇಟ್ರೆ ಅವನು ಮಾರೋ ಪುಸ್ತಕ ಬದಲಾಗುತ್ತೆ. ಮೆಂಡಿಂಗ್ ಬರೋವರೆಗೂ ಒಡೀತಾ ಇಡ್ತಾ ಇರೋದು. ನನಗೆ ಎರಡು ಸಂಜೆ ಹಿಡೀತು. ಆಮೇಲೆ ಅವನನ್ನ ಜಾಂಬಿ ಕೈಲಿ ಕಚ್ಚಿಸಿ, ಔಷಧಿ ಕೊಟ್ಟು ಉಳಿಸಿದೆ. ಉಳಿಸಿದವರಿಗೆ ಅವನು ರೇಟ್ ಇಳಿಸ್ತಾನೆ! ಎರಡು ಮೂರು ಸಲ ಹೀಗೆ ಮಾಡೋಷ್ಟರಲ್ಲಿ ಪುಸ್ತಕಕ್ಕೆ 1 ಎಮರಾಲ್ಡ್. ಎಮರಾಲ್ಡ್ ಗಳಿಸೋದು ಇನ್ನೂ ಸುಲಭ, ಬಾಣ ಮಾಡೋನಿಗೆ 32 ಕಡ್ಡಿ ಕೊಟ್ರೆ ಒಂದು ಸಿಗುತ್ತೆ. ಲೆಕ್ಕ ನೋಡಿ. ಒಂದು ಮರ ಕಡಿದು ಕಡ್ಡಿ ಸೀಳಿದ್ರೆ ಶಾಶ್ವತವಾದ ಪಿಕಾಸಿ.

ನಾನು ಏನು ಮಾಡಿದೆ? ಎಲ್ಲರಿಗೂ ಪುಕ್ಕಟೆ ಹಂಚಿದೆ. ಹುಟ್ಟುಹಬ್ಬಕ್ಕೆ ಚಾಕಲೇಟ್ ಹಂಚಿದ ಹಾಗೆ. ಕಮ್ಮಾರನಿಗೂ ಒಂದು ಕೊಟ್ಟೆ.

ಒಂದು ವಾರ ಬಿಟ್ಟು ಅವನ ಬೋರ್ಡ್ ನೋಡಿದ್ರೆ 6 ಹೊಡೆದು 4 ಬರೆದಿದ್ದ. ಆಮೇಲೆ 3. ಅಂದ್ರೆ ಅಸಲು. ಪೆಟ್ಟಿಗೆ ತುಂಬಾ ಪಿಕಾಸಿ ಹಾಗೇ ಕೂತಿತ್ತು. ಜುಲೈನಲ್ಲಿ ಅವನು ಆನ್‌ಲೈನ್ ಬರೋದೇ ಕಮ್ಮಿ ಆಯ್ತು. ಮಳೆಗಾಲ, ಕರೆಂಟ್ ಇರಲ್ಲ, ನೆಟ್‌ವರ್ಕ್ ಇರಲ್ಲ ಅಂದ್ಕೊಂಡೆ. ಫೋನ್ ಮಾಡಿ ಕೇಳಿದೆ.

'ನೆಟ್‌ವರ್ಕ್ ಚೆನ್ನಾಗೇ ಇದೆ ಕಣೋ' ಅಂದ. 'ಬಂದು ಏನ್ ಮಾಡ್ಲಿ? ನಿಮಗ್ಯಾರಿಗೂ ನನ್ನ ಹತ್ರ ಏನೂ ಬೇಕಾಗಿಲ್ವಲ್ಲ.'

ಬೇಜಾರಲ್ಲಿ ಹೇಳಿದ್ದಲ್ಲ, ಮಾಮೂಲಿ ದನಿಯಲ್ಲೇ ಹೇಳಿದ. ಅದಕ್ಕೇ ನನಗೆ ಜಾಸ್ತಿ ಚುಚ್ಚಿತು. ಆಗ ಅವನಿಗೆ ಕೆಲಸ ಕೂಡ ಹೋಗಿತ್ತು ಅನ್ನೋದು ನನಗೆ ಗೊತ್ತಾಗಿದ್ದು ಇನ್ನೂ ಆಮೇಲೆ.

ಈ ವಿಷಯ ತಲೇಲಿ ಕೊರೀತಾ ಇದ್ದಿದ್ದಕ್ಕೆ ಹಳೇ ಆನ್‌ಲೈನ್ ಗೇಮ್‌ಗಳ ಕಥೆ ಹುಡುಕಿ ಓದೋಕೆ ಶುರು ಮಾಡಿದೆ. ನನಗಿಂತ ದೊಡ್ಡ ದೊಡ್ಡೋರೇ ಇದೇ ಗುಂಡಿಗೆ ಬಿದ್ದಿದ್ದಾರೆ.

1997ರಲ್ಲಿ ಅಲ್ಟಿಮಾ ಆನ್‌ಲೈನ್ ಅಂತ ಒಂದು ಗೇಮ್ ಬಂತು. ಸಾವಿರಾರು ಜನ ಒಂದೇ ಲೋಕದಲ್ಲಿ. ಅದರ ಲೀಡ್ ಡಿಸೈನರ್ ರಾಫ್ ಕೋಸ್ಟರ್. ಶುರುವಿನಲ್ಲಿ ಆ ಲೋಕದ ಕಬ್ಬಿಣ, ಉಣ್ಣೆ ಎಲ್ಲಾ ಇಂತಿಷ್ಟೇ ಅಂತ ಇಟ್ಟಿದ್ರು. ಕತ್ತಿ ಸವೆದು ಹಾಳಾದ್ರೆ ಅದರಲ್ಲಿದ್ದ ಕಬ್ಬಿಣ ಮತ್ತೆ ನೆಲಕ್ಕೆ ಸೇರಿ ಇನ್ನೊಬ್ಬನಿಗೆ ಸಿಗಬೇಕು. ಪೇಪರ್ ಮೇಲೆ ಎಷ್ಟು ಚಂದ ಅಲ್ವಾ? ಜನ ಏನು ಮಾಡಿದ್ರು ಅಂದ್ರೆ, ಸಿಕ್ಕಿದ್ದೆಲ್ಲ ಮನೇಲಿ ಪೇರಿಸಿಟ್ಟರು. ಬಳಸಲಿಲ್ಲ, ಹಾಳಾಗಲಿಲ್ಲ, ನೆಲಕ್ಕೆ ವಾಪಸ್ ಹೋಗಲಿಲ್ಲ. ಹೊಸದಾಗಿ ಬಂದವನಿಗೆ ಅಗೆಯೋಕೆ ಏನೂ ಇಲ್ಲ. ಕೊನೆಗೆ ಆ ಲೆಕ್ಕ ಕೈಬಿಟ್ಟು ನಲ್ಲಿ ತೆರೆದುಬಿಟ್ರು, ಸಾಮಗ್ರಿ ಬರ್ತಾನೇ ಇರಲಿ ಅಂತ. ಈಗಲೂ ಗೇಮ್ ಮಾಡೋರು ಇದೇ ಭಾಷೇಲಿ ಮಾತಾಡ್ತಾರೆ: ಒಂದು ಕಡೆ ನಲ್ಲಿ, ಇನ್ನೊಂದು ಕಡೆ ಬಚ್ಚಲ ತೂಬು. ನಲ್ಲಿ ತೆರೆದು ತೂಬು ಮುಚ್ಚಿದ್ರೆ ಮನೆಯೆಲ್ಲಾ ನೀರು.

ಹಾಗಾದ್ರೆ ಡ್ಯೂರಬಿಲಿಟಿ ಇಟ್ರೆ ಸಾಕಾ? ಇಲ್ಲಿ ಒಂದು ಮೋಸ ಇದೆ, ನಾನೂ ತುಂಬಾ ದಿನ ಗಮನಿಸಿರಲಿಲ್ಲ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ತಗೊಳ್ಳಿ, 2004ರದ್ದು. ಅಲ್ಲೂ ಸಾಮಾನು ಸವೆಯುತ್ತೆ. ಒಂದು ಸಲ ಸತ್ರೆ ಮೈಮೇಲಿರೋ ಸಾಮಾನಿನ ಡ್ಯೂರಬಿಲಿಟಿ ಶೇ. 10 ಹೋಗುತ್ತೆ. ಆದ್ರೆ ಊರಿಗೆ ಹೋಗಿ ಕಂಪ್ಯೂಟರ್ ನಡೆಸೋ ಅಂಗಡಿಯವನಿಗೆ ಚಿನ್ನ ಕೊಟ್ರೆ ಎಲ್ಲಾ ಹೊಸದರ ಹಾಗೆ. ಆ ಚಿನ್ನ ಎಲ್ಲಿಗೆ ಹೋಯ್ತು? ಎಲ್ಲಿಗೂ ಇಲ್ಲ, ಗಾಳಿಗೆ. ಹಣದುಬ್ಬರ ತಡೆಯೋಕೆ ಅದು ಒಳ್ಳೇದೇ. ಆದ್ರೆ ಅದರಿಂದ ಒಬ್ಬ ಕಮ್ಮಾರನಿಗೂ ಕೆಲಸ ಸಿಗಲ್ಲ. ಅದು ಟ್ಯಾಕ್ಸ್ ಅಷ್ಟೇ. ಸವೆಯೋದು ಬೇರೆ, ಮುಗಿದೇ ಹೋಗೋದು ಬೇರೆ. ಮುಗಿದುಹೋದ್ರೆ ಮಾತ್ರ ಯಾರೋ ಒಬ್ಬ ಕೂತು ಹೊಸದು ಮಾಡಬೇಕು.

ಬಿಜಿಎಂಐ ಆಡೋರು 'ನಮ್ಮ ವೆಸ್ಟೂ ಗುಂಡು ತಿಂದು ಹಾಳಾಗುತ್ತೆ ಬ್ರೋ' ಅಂತೀರಾ. ಹೌದು, ಆದ್ರೆ ಅರ್ಧ ಗಂಟೇಲಿ ಇಡೀ ಲೋಕವೇ ಮುಗೀತದೆ, ಎಲ್ಲರೂ ಮತ್ತೆ ಬರಿಗೈಯಲ್ಲಿ ಇಳೀತೀರಿ. ಅಲ್ಲಿ ಅಂಗಡಿ ಇಡೋಕೆ ಟೈಮೇ ಇಲ್ಲ. ಅದು ಬೇರೆ ಕಥೆ.

ಸವಕಳಿಯನ್ನ ಸರಿಯಾಗಿ ಅರ್ಥ ಮಾಡ್ಕೊಂಡ ಗೇಮ್ ಅಂದ್ರೆ, ನನ್ನ ಪ್ರಕಾರ, ಸ್ಟಾರ್ ವಾರ್ಸ್ ಗ್ಯಾಲಕ್ಸೀಸ್. 2003ರಲ್ಲಿ ಬಂತು, ಅದೇ ರಾಫ್ ಕೋಸ್ಟರ್ ಕ್ರಿಯೇಟಿವ್ ಡೈರೆಕ್ಟರ್. ಅಲ್ಲಿ ಬಂದೂಕು, ಕವಚ, ಮನೆ ಹೆಚ್ಚುಕಮ್ಮಿ ಎಲ್ಲಾ ಆಟಗಾರರೇ ಮಾಡಬೇಕು. ಬಳಸ್ತಾ ಸವೆಯುತ್ತೆ, ರಿಪೇರಿ ಮಾಡಿದ್ರೂ ಮೊದಲಿನಷ್ಟು ಬಾಳಿಕೆ ವಾಪಸ್ ಬರಲ್ಲ. ಇನ್ನೊಂದು ಚಮತ್ಕಾರ ಏನಂದ್ರೆ, ಗ್ರಹಗಳಲ್ಲಿ ಸಿಗೋ ಲೋಹದ ಗುಣ ಬದಲಾಗ್ತಾ ಇರುತ್ತೆ. ಈ ವಾರ ಸಿಕ್ಕ ಒಳ್ಳೇ ಲೋಹ ಇನ್ನೊಂದಷ್ಟು ದಿನಕ್ಕೆ ಮಾಯ, ಮತ್ತೆ ಅದೇ ಬರಲ್ಲ. ಹಾಗಾಗಿ ಒಳ್ಳೇ ಲೋಹ ಕೂಡಿಟ್ಟುಕೊಂಡ ಕುಶಲಿಗನಿಗೆ ನಿಜವಾದ ಹೆಸರು. ಗುಂಡು ಹೊಡೆಯೋಕೇ ಬರದ ಜನ ಅಲ್ಲಿ ಅಂಗಡಿ ಇಟ್ಟು ಊರಿಗೆಲ್ಲ ಪರಿಚಯ ಆಗಿದ್ರು. 2005ರ ನವೆಂಬರ್‌ನಲ್ಲಿ ಕಂಪನಿ ಒಂದು ದೊಡ್ಡ ಅಪ್‌ಡೇಟ್ ತಂದು, 30ಕ್ಕೂ ಹೆಚ್ಚು ಇದ್ದ ಕಸುಬುಗಳನ್ನ 9ಕ್ಕೆ ಇಳಿಸಿತು. ಎಲ್ಲರಿಗೂ ಫೈಟ್ ಬೇಕು, ಎಲ್ಲರಿಗೂ ಹೀರೋ ಆಗಬೇಕು ಅನ್ನೋ ಲೆಕ್ಕ. ತುಂಬಾ ಜನ ಬಿಟ್ಟು ಹೋದ್ರು. 2011ರ ಡಿಸೆಂಬರ್ 15ಕ್ಕೆ ಸರ್ವರ್ ಬಂದ್. ಅದಕ್ಕೆ ಬೇರೆ ಕಾರಣಗಳೂ ಇದ್ವು, ಇದೊಂದೇ ಅಲ್ಲ. ಆದ್ರೂ ಆ ಭಾಗ ಓದುವಾಗ ನನಗೆ ಕಂಡಿದ್ದು ಬೋರ್ಡ್ ಮೇಲೆ ಹೊಡೆದುಹಾಕಿದ ಆ 6.

ಇನ್ನೊಂದು ತುದಿಯಲ್ಲಿ ಈವ್ ಆನ್‌ಲೈನ್ ಇದೆ. ಐಸ್‌ಲ್ಯಾಂಡಿನ ಸಿಸಿಪಿ ಕಂಪನಿಯದು, 2003ರಿಂದ ನಡೀತಿದೆ. ಬಾಹ್ಯಾಕಾಶದ ಹಡಗುಗಳು, ಬಹುತೇಕ ಎಲ್ಲಾ ಆಟಗಾರರೇ ಕಟ್ಟಿದ್ದು. ಸ್ಫೋಟ ಆದ್ರೆ ಹೋಯ್ತು, ಮತ್ತೆ ಬರಲ್ಲ. 2007ರಲ್ಲಿ ಅವರು ಎಯ್ಯೋಲ್ಫುರ್ ಗುಡ್ಮುಂಡ್ಸನ್ ಅನ್ನೋ ಅರ್ಥಶಾಸ್ತ್ರಜ್ಞನನ್ನೇ ಕೆಲಸಕ್ಕಿಟ್ಟುಕೊಂಡ್ರು, ಗೇಮ್ ಒಳಗಿನ ಮಾರುಕಟ್ಟೆ ನೋಡ್ಕೊಳ್ಳೋಕೆ. 2014ರ ಜನವರಿ 27ರಂದು ಅಲ್ಲಿ ಒಂದು ಯುದ್ಧ ಆಯ್ತು. ಕಾರಣ ಕೇಳಿದ್ರೆ ನಗ್ತೀರಿ: ಒಂದು ಗುಂಪು ತನ್ನ ಜಾಗದ ಬಿಲ್ ಕಟ್ಟೋದು ತಪ್ಪಿತು, ಆ ಜಾಗ ಯಾರದೂ ಅಲ್ಲದಂತಾಯ್ತು, ಎದುರಾಳಿ ನುಗ್ಗಿದ. ಸುಮಾರು 21 ಗಂಟೆ ಹೊಡೆದಾಟ, 7,500ಕ್ಕೂ ಹೆಚ್ಚು ಆಟಗಾರರು. ಟೈಟನ್ ಅನ್ನೋ ಅತಿ ದೊಡ್ಡ ಹಡಗುಗಳು 75 ನಾಶ. ಒಂದೊಂದನ್ನ ಕಟ್ಟೋಕೂ ವಾರಗಟ್ಟಲೆ ಬೇಕು. ಆಗ ಹಾಕಿದ ಅಂದಾಜಿನಲ್ಲಿ ನಷ್ಟ 3 ಲಕ್ಷ ಡಾಲರ್‌ಗೂ ಮಿಗಿಲು. ಪತ್ರಿಕೆಗಳೆಲ್ಲ ಆ ನಷ್ಟದ ಬಗ್ಗೆ ಬರೆದವು. ನಾನು ಯೋಚಿಸಿದ್ದು ಮರುದಿನ ಬೆಳಿಗ್ಗೆಯ ಬಗ್ಗೆ. ಯಾವುದೋ ಮೂಲೇಲಿ ಬಂಡೆ ಕೊರೀತಾ, ಅದಿರು ಕರಗಿಸ್ತಾ ಕೂತಿರೋ ಆಟಗಾರನಿಗೆ ಆ ಬೆಳಿಗ್ಗೆ ಹೇಗಿದ್ದಿರಬೇಡ! 75 ಟೈಟನ್ ಮತ್ತೆ ಕಟ್ಟಬೇಕಲ್ಲಪ್ಪಾ.

ಈಗ ಇದರ ಇನ್ನೊಂದು ಮುಖವನ್ನೂ ಹೇಳಬೇಕು. ನನ್ನ ಸಾಮಾನು ಮುರಿದ್ರೆ ನನಗೂ ಉರಿಯುತ್ತೆ. ಮೂರು ತಾಸು ಕಷ್ಟಪಟ್ಟು ತಗೊಂಡಿದ್ದು ಒಂದು ನಿಮಿಷದಲ್ಲಿ ಹೋದ್ರೆ 'ಅರ್ಥವ್ಯವಸ್ಥೆಗೆ ಒಳ್ಳೇದಾಯ್ತು' ಅಂತ ಯಾರು ಖುಷಿ ಪಡ್ತಾರೆ? ಗೇಮ್ ಕಂಪನಿಗಳಿಗೂ ಇದೇ ಸಂಕಟ. ಆಟಗಾರ ಬೈತಾನೆ, ಕಂಪನಿ ಹೆದರಿ ಬಾಳಿಕೆ ಹೆಚ್ಚಿಸುತ್ತೆ, ವಿಮೆ ತರುತ್ತೆ. ಅಲ್ಟಿಮಾ ಆನ್‌ಲೈನ್ 2003ರಲ್ಲಿ ಅದನ್ನೇ ಮಾಡಿತು, ಚಿನ್ನ ಕಟ್ಟಿ ವಿಮೆ ಮಾಡಿಸಿದ್ರೆ ಸತ್ತರೂ ಸಾಮಾನು ನಿಮ್ಮದೇ. ಸಾಯೋನಿಗೆ ನೆಮ್ಮದಿ. ಅಂಗಡಿ ಇಟ್ಟವನು ದನಿ ಎತ್ತಿದ್ರೂ ಅವರ ಸಂಖ್ಯೆ ಕಮ್ಮಿ, ಯಾರಿಗೂ ಕೇಳಿಸಲ್ಲ.

ಓಲ್ಡ್ ಸ್ಕೂಲ್ ರೂನ್‌ಸ್ಕೇಪ್‌ನವರು ಜಾಣತನದ ನಡುದಾರಿ ಹುಡುಕಿದ್ರು. 2021ರ ಡಿಸೆಂಬರ್‌ನಲ್ಲಿ ಅವರ ಮಾರುಕಟ್ಟೆ ವ್ಯಾಪಾರಕ್ಕೆ ಶೇ. 1 ತೆರಿಗೆ ಹಾಕಿ, ಅದರಲ್ಲಿ ಒಂದಷ್ಟು ಹಣದಿಂದ ಗೇಮೇ ಮಾರುಕಟ್ಟೆಗೆ ಇಳಿದು ಆಟಗಾರರ ಸಾಮಾನು ಕೊಂಡು ಅಳಿಸಿಹಾಕುತ್ತೆ. ಯಾರ ಕೈಯಲ್ಲಿರೋದೂ ಮುರಿಯಲ್ಲ, ಆದ್ರೂ ಲೋಕದಲ್ಲಿ ಸಾಮಾನು ಕಮ್ಮಿ ಆಗ್ತಾ ಇರುತ್ತೆ. ಸರ್ಕಾರ ಬೆಂಬಲ ಬೆಲೆಗೆ ಕೊಬ್ಬರಿ ಕೊಳ್ಳೋ ಹಾಗೆ ಅಂತ ಹೇಳೋಣ ಅಂದ್ಕೊಂಡೆ, ಆದ್ರೆ ಸರ್ಕಾರ ಕೊಬ್ಬರಿ ಸುಟ್ಟುಹಾಕಲ್ಲ, ಬಿಡಿ.

ಮೆಂಡಿಂಗ್ ಸುಲಭ ಆಗಿಬಿಟ್ಟಿದೆ ಅನ್ನೋದು ಮೈನ್‌ಕ್ರಾಫ್ಟ್ ಮಾಡೋ ಮೊಜಾಂಗ್‌ಗೂ ಅನ್ನಿಸಿತು. 2023ರಲ್ಲಿ ಪ್ರಯೋಗ ಅಂತ ಒಂದು ಆಯ್ಕೆ ಬಿಟ್ರು: ಜೌಗು ನೆಲದ ಲೈಬ್ರೇರಿಯನ್ ಮಾತ್ರ, ಅದೂ ಅವನು ಮೇಲಿನ ಲೆವೆಲ್‌ಗೆ ಬಂದ ಮೇಲೆ ಮಾತ್ರ ಮೆಂಡಿಂಗ್ ಮಾರ್ತಾನೆ. ತಮಾಷೆ ಅಂದ್ರೆ ಜೌಗು ನೆಲದಲ್ಲಿ ಹಳ್ಳಿಗಳೇ ತಾನಾಗಿ ಹುಟ್ಟಲ್ಲ, ನೀವೇ ಜನರನ್ನ ಸಾಗಿಸಿ ಊರು ಕಟ್ಟಬೇಕು. ಆಟಗಾರರು ಹೇಗೆ ಬೈದ್ರು ಗೊತ್ತಾ! 2020ರ ನಾನಾಗಿದ್ರೆ ನಾನೂ ಬೈತಿದ್ದೆ.

ಕೌಂಟರ್-ಸ್ಟ್ರೈಕ್ ಸ್ಕಿನ್‌ಗಳ ಬಗ್ಗೆ ಒಂದು ಮಾತು, ಯಾಕಂದ್ರೆ ಕೇಳುಗರಲ್ಲಿ ತುಂಬಾ ಜನ ಅದರ ಮೇಲೆ ದುಡ್ಡು ಹಾಕಿದ್ದೀರಿ ಅಂತ ಗೊತ್ತು. ಅದರಲ್ಲಿ ಸವೆದ ಹಾಗೆ ಕಾಣೋ ಬಂದೂಕುಗಳಿವೆ, ಗೀರು ಬಿದ್ದಿರುತ್ತೆ. ಆದ್ರೆ ಅದು ಬರೀ ಬಣ್ಣ. ಸ್ಕಿನ್ ಸಿಕ್ಕ ದಿನ ಎಷ್ಟು ಗೀರು ಇತ್ತೋ ಸಾವಿರ ಮ್ಯಾಚ್ ಆದ್ಮೇಲೂ ಅಷ್ಟೇ. ಸವೆಯದ ವಸ್ತು ಉಪಕರಣ ಅಲ್ಲ, ಸೈಟು. ಜನ ಸೈಟಿನ ಥರಾನೇ ಕೊಂಡು ಇಟ್ಟುಕೊಂಡ್ರು. 2025ರ ಅಕ್ಟೋಬರ್‌ನಲ್ಲಿ ವಾಲ್ವ್ ಕಂಪನಿ ಒಂದು ನಿಯಮ ಬದಲಿಸಿತು, 5 ಕೆಂಪು ದರ್ಜೆಯ ಸ್ಕಿನ್ ಕೊಟ್ರೆ ಒಂದು ಚಾಕು ಅಥವಾ ಗ್ಲೌಸ್ ಸಿಗುತ್ತೆ ಅಂತ. ಅದುವರೆಗೂ ಅಪರೂಪವಾಗಿದ್ದ ಚಾಕುಗಳ ರೇಟ್ ರಾತ್ರೋರಾತ್ರಿ ಬಿತ್ತು. ಎಲ್ಲರೂ ಕೂಡಿಟ್ಟು, ಯಾರೂ ಬಳಸಿ ಮುಗಿಸದ ವಸ್ತುವಿನ ಬೆಲೆ ಕಂಪನಿಯ ಒಂದು ಅಪ್‌ಡೇಟ್ ಮೇಲೆ ನಿಂತಿರುತ್ತೆ. ದುಡ್ಡು ಹಾಕೋ ಮೊದಲು ಇದನ್ನ ನೆನಪಿಡಿ.

ಸರಿ, ಕಮ್ಮಾರ ಏನಾದ ಅಂತ ಕೇಳ್ತೀರಿ.

ನಮ್ಮ ಸರ್ವರ್ ಆ ವರ್ಷ ಸೆಪ್ಟೆಂಬರ್‌ಗೆ ನಿಂತುಹೋಯ್ತು. ಅವನಿಗೆ ಆಮೇಲೆ ತುಮಕೂರಲ್ಲಿ ಕೆಲಸ ಸಿಕ್ಕಿತು, ಈಗ ಆರಾಮಾಗಿದ್ದಾನೆ. ಒಂದೂವರೆ ವರ್ಷದ ಹಿಂದೆ ಒಂದು ಮದುವೇಲಿ ಸಿಕ್ಕಾಗ ಊಟದ ಪಂಕ್ತೀಲಿ ಕೂತೇ ಫೋನ್ ತೆಗೆದು ತೋರಿಸಿದ: ಆಲ್ಬಿಯಾನ್ ಆನ್‌ಲೈನ್. ಬರ್ಲಿನ್‌ನ ಕಂಪನಿಯದು, 2017ರಲ್ಲಿ ಬಂದಿದ್ದು, 2021ರಿಂದ ಮೊಬೈಲ್‌ನಲ್ಲೂ ಇದೆ. 2023ರಲ್ಲಿ ಏಷ್ಯಾಕ್ಕೇ ಬೇರೆ ಸರ್ವರ್ ಹಾಕಿದ್ಮೇಲೆ ನಮ್ಮ ಕಡೆಯೋರಿಗೂ ಪಿಂಗ್ ಪರವಾಗಿಲ್ಲ.

ಆ ಗೇಮ್‌ನಲ್ಲಿ ಕತ್ತಿ, ಕವಚ, ಚೀಲ, ಕುದುರೆ ಎಲ್ಲಾ ಆಟಗಾರರು ಮಾಡಿದ್ದು. ಕೆಂಪು, ಕಪ್ಪು ವಲಯಗಳಲ್ಲಿ ಸತ್ರೆ ಮೈಮೇಲಿದ್ದುದೆಲ್ಲ ಹೋಗುತ್ತೆ. ಒಂದಷ್ಟು ಅಲ್ಲೇ ನಾಶ, ಉಳಿದದ್ದು ಕೊಂದವನ ಪಾಲು. ನನಗೆ ತುಂಬಾ ಹಿಡಿಸಿದ್ದು ಕೇರ್ಲಿಯಾನ್ ಅನ್ನೋ ಊರಿನ ಬ್ಲ್ಯಾಕ್ ಮಾರ್ಕೆಟ್. ಬೇರೆ ಗೇಮ್‌ನಲ್ಲಿ ರಾಕ್ಷಸನನ್ನ ಕೊಂದ್ರೆ ಕತ್ತಿ ಗಾಳಿಯಿಂದ ಉದುರುತ್ತೆ. ಇಲ್ಲಿ ಹಾಗಲ್ಲ. ಆ ಬ್ಲ್ಯಾಕ್ ಮಾರ್ಕೆಟ್ ಆಟಗಾರರಿಂದ ಸಾಮಾನು ಕೊಳ್ಳುತ್ತೆ, ಅದೇ ಸಾಮಾನು ಮುಂದೆ ರಾಕ್ಷಸರ ಹತ್ರ ಸಿಗುತ್ತೆ. ಅಂದ್ರೆ ಯಾವುದೋ ಗುಹೇಲಿ ನಿಮಗೆ ಸಿಕ್ಕ ಕತ್ತಿಯನ್ನೂ ಯಾರೋ ಒಬ್ಬ ಮನುಷ್ಯ ಫೋನ್ ಹಿಡಿದು ಕೂತು ಮಾಡಿರ್ತಾನೆ. ನಮ್ಮ ಕಮ್ಮಾರ ಅಲ್ಲಿ ಚೀಲ ಮಾಡ್ತಾನೆ. ಫೈಟಿಗೆ ಇವತ್ತಿಗೂ ಹೋಗಲ್ಲ. 'ನೀವು ಸಾಯ್ರಿ, ನಾನು ಹೊಲೀತೀನಿ' ಅಂತಾನೆ.

ನಾನೂ ಇನ್‌ಸ್ಟಾಲ್ ಮಾಡ್ಕೊಂಡೆ. ಹೋದ ಶನಿವಾರ ರಾತ್ರಿ ಕೆಂಪು ವಲಯದಲ್ಲಿ, ಇನ್ನೊಂದೇ ಒಂದು ಅದಿರು ತಗೊಂಡು ವಾಪಸ್ ಬರೋಣ ಅಂತ ದುರಾಸೆ ಬಿದ್ದು ನಿಂತೆ. ಐದು ಜನ ಕುದುರೆ ಮೇಲೆ ಬಂದ್ರು. ಕವಚ, ಕುದುರೆ, ಚೀಲ, ಚೀಲದ ತುಂಬಾ ಎರಡು ತಾಸಿನ ಅದಿರು, ಎಲ್ಲಾ ಹೋಯ್ತು. ಒಂದು ಐದು ನಿಮಿಷ ಫೋನ್ ಹಾಸಿಗೆ ಮೇಲೆ ಎಸೆದು ಸುಮ್ಮನೆ ಫ್ಯಾನ್ ನೋಡ್ತಾ ಮಲಗಿದ್ದೆ. ಆಮೇಲೆ ಎದ್ದು ಅವನಿಗೆ ಫೋನ್ ಮಾಡಿದೆ.

'ಸತ್ಯಾ?' ಅಂದ. ದನಿಯಲ್ಲಿ ಖುಷಿ ಮುಚ್ಚಿಡೋಕೆ ಆಗ್ತಿಲ್ಲ ಅವನಿಗೆ.

'ಸತ್ತೆ ಮಗಾ. ಒಂದು ಚೀಲ ಬೇಕು.'

ರೇಟ್ ಹೇಳಿದ. ಮಾರ್ಕೆಟ್ ರೇಟೇ. ಫ್ರೆಂಡಿಗೂ ಡಿಸ್ಕೌಂಟ್ ಇಲ್ವೇನೋ ಅಂದೆ.

'ಮೆಂಡಿಂಗ್ ಬುಕ್ ಹಂಚಿದ ಫ್ರೆಂಡಿಗೆ ಇಲ್ಲ' ಅಂದ.